ಉಸಿರಿನೊಂದಿಗೆ ಒಳಸೇರುವ ನ್ಯಾನೊ ಕಣಗಳು: ಶ್ವಾಸಕೋಶದ ಜೀವಕೋಶಗಳ ಮೇಲೆ ವಿಷಪರೀಕ್ಷೆ ನಡೆಸುವ ಸಮಗ್ರ ಮಾರ್ಗದರ್ಶಿ

ನ್ಯಾನೊ ವಸ್ತುಗಳ ವಿಷಗುಣದ ಬಗ್ಗೆ ಪ್ರಕಟವಾಗುವ ಬರಹಗಳಲ್ಲಿ “ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಹಾಕಿದಾಗ ಅರ್ಧದಷ್ಟು ಜೀವಕೋಶಗಳು ಸತ್ತವು” ಎಂಬಂಥ ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ. ಅದನ್ನು ಓದಿದ ಕೂಡಲೇ ಏಳಬೇಕಾದ ಪ್ರಶ್ನೆ ಇದು: ಆ ನೂರರಲ್ಲಿ ಕೋಶಗಳನ್ನು ಮುಟ್ಟಿದ್ದು ಎಷ್ಟು? ಕರಗಿದ ಔಷಧ ದ್ರವದ ತುಂಬ ಸಮನಾಗಿ ಹರಡಿಕೊಳ್ಳುತ್ತದೆ. ಕಣದ ನಡವಳಿಕೆ ಬೇರೆ. ಅದು ತಳಕ್ಕಿಳಿಯುತ್ತದೆ, ಗುಂಪುಗೂಡುತ್ತದೆ, ಪ್ಲಾಸ್ಟಿಕ್ ಗೋಡೆಗೆ ಅಂಟುತ್ತದೆ, ಕೆಲವೊಮ್ಮೆ ತೇಲಿಕೊಂಡೇ ಉಳಿಯುತ್ತದೆ. ಸಾಲದ್ದಕ್ಕೆ, ಕೋಶ ಬದುಕಿದೆಯೋ ಸತ್ತಿದೆಯೋ ಎಂದು ಹೇಳಬೇಕಾದ ಬಣ್ಣದ ಪರೀಕ್ಷೆಯನ್ನೇ ಕಣಗಳು ಕೆಡಿಸಬಲ್ಲವು.

ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಡೋಸ್ ಮತ್ತು ಅಳತೆಗೆ ಎದುರಾಗುವ ಅಡ್ಡಿಗಳ ಬಗ್ಗೆಯೇ ಇದೆ. ಕೋಶ ಬೆಳೆಸುವುದು, ಪಿಪೆಟ್ ಹಿಡಿಯುವುದು, ಸೋಂಕಿಲ್ಲದಂತೆ ಕೆಲಸ ಮಾಡುವುದು ಓದುಗರಿಗೆ ಈಗಾಗಲೇ ಗೊತ್ತಿದೆ, ನ್ಯಾನೊ ವಸ್ತು ಮಾತ್ರ ಹೊಸದು ಎಂದು ಭಾವಿಸಿ ಬರೆದಿದ್ದೇನೆ.

ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳುವುದು

ಕನಿಷ್ಠ ಒಂದು ದಿಕ್ಕಿನಲ್ಲಾದರೂ 1ರಿಂದ 100 ನ್ಯಾನೊಮೀಟರ್ ಅಳತೆಯಿರುವ ವಸ್ತುವನ್ನು ಸಾಮಾನ್ಯವಾಗಿ ನ್ಯಾನೊ ವಸ್ತು ಎನ್ನುತ್ತೇವೆ. ಉಸಿರಿನಲ್ಲಿ ಒಳಹೋದ ಕಣ ಎಲ್ಲಿ ಕೂರುತ್ತದೆ ಎನ್ನುವುದು ಗಾಳಿಯಲ್ಲಿ ಅದರ ಗಾತ್ರವನ್ನು ಅವಲಂಬಿಸಿದೆ. ಸುಮಾರು 1 ನ್ಯಾನೊಮೀಟರಿನ ಕಣಗಳು ಬಹುಪಾಲು ಮೂಗಿನಲ್ಲೇ ಸಿಕ್ಕಿಬೀಳುತ್ತವೆ. 20 ನ್ಯಾನೊಮೀಟರ್ ಆಸುಪಾಸಿನ ಕಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಹೋಗಿ ನೆಲೆಸುತ್ತವೆ. ಕಾರ್ಖಾನೆಯ ಗಾಳಿಯಲ್ಲಿ ಕಣಗಳು ಒಂಟಿಯಾಗಿರುವುದು ಅಪರೂಪ. ನೂರಾರು ನ್ಯಾನೊಮೀಟರಿನ ಗುಂಪುಗಳಾಗಿ ತೇಲುತ್ತಿರುತ್ತವೆ. ಹಾಗಾಗಿ ಡಬ್ಬಿಯ ಮೇಲೆ ಮುದ್ರಿಸಿದ ಗಾತ್ರವನ್ನು ನೋಡಿ ಕಣ ಕೂರುವ ಜಾಗವನ್ನು ಊಹಿಸುವಂತಿಲ್ಲ.

ಗಾಳಿಗೂಡುಗಳ ಒಟ್ಟು ಮೇಲ್ಮೈ ವಯಸ್ಕರಲ್ಲಿ ಸುಮಾರು 100 ಚದರ ಮೀಟರ್. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಬಹುತೇಕ ಕಡೆ ಒಂದು ಮೈಕ್ರೋಮೀಟರಿಗಿಂತ ತೆಳು. ಶ್ವಾಸನಾಳದಲ್ಲಿ ಕಸವನ್ನು ಮೇಲಕ್ಕೆ ತಳ್ಳುವ ಲೋಳೆ ಮತ್ತು ಸೂಕ್ಷ್ಮ ರೋಮಗಳಿವೆ. ಗಾಳಿಗೂಡಿನಲ್ಲಿ ಅವು ಇಲ್ಲ; ಶುಚಿ ಮಾಡುವ ಹೊಣೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳದ್ದು. ನಿಮ್ಮ ಪ್ರಶ್ನೆ ಶ್ವಾಸನಾಳದ ಬಗ್ಗೆಯೋ ಗಾಳಿಗೂಡಿನ ಬಗ್ಗೆಯೋ? ಕೋಶಗಳ ಸಾವಿನ ಬಗ್ಗೆಯೋ, ಉರಿಯೂತದ ಬಗ್ಗೆಯೋ, ಡಿಎನ್‌ಎ ಹಾನಿಯ ಬಗ್ಗೆಯೋ, ಗೋಡೆ ಸೋರುವುದರ ಬಗ್ಗೆಯೋ? ಇದನ್ನು ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಪುಡಿಯ ಡಬ್ಬಿ ತೆರೆಯಬೇಡಿ. ಕೋಶದ ಆಯ್ಕೆ, ಒಡ್ಡುವ ವಿಧಾನ, ಅಳತೆ ಎಲ್ಲವೂ ಆ ವಾಕ್ಯದಿಂದಲೇ ಹುಟ್ಟುತ್ತವೆ.

ಡೋಸಿನ ಲೆಕ್ಕ ಕಾಗದದ ಮೇಲೆ ಮೊದಲು

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ.

ನಿಜ ಜೀವನದಲ್ಲಿ ಕೋಶದ ಮೇಲೆ ಎಷ್ಟು ಬೀಳುತ್ತದೆ ಎಂದು ಅಂದಾಜು ಮಾಡೋಣ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 2011ರಲ್ಲಿ ಅತಿಸೂಕ್ಷ್ಮ ಟೈಟಾನಿಯಂ ಡೈಆಕ್ಸೈಡಿಗೆ ಘನ ಮೀಟರಿಗೆ 0.3 ಮಿಲಿಗ್ರಾಂ ಎಂಬ ಮಿತಿಯನ್ನು ಶಿಫಾರಸು ಮಾಡಿತು. ಹಗುರ ಕೆಲಸದಲ್ಲಿರುವವರು ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿಯನ್ನು ಉಸಿರಾಡುತ್ತಾರೆ. ಮಿತಿಯಷ್ಟೇ ಕಣ ಗಾಳಿಯಲ್ಲಿದ್ದರೆ ಒಳಹೋಗುವುದು 3 ಮಿಲಿಗ್ರಾಂ. ಅದರಲ್ಲಿ ಶೇಕಡ 30 ಗಾಳಿಗೂಡಿನಲ್ಲಿ ನಿಲ್ಲುತ್ತದೆ ಎಂದುಕೊಂಡರೆ 0.9 ಮಿಲಿಗ್ರಾಂ. ಇದನ್ನು 100 ಚದರ ಮೀಟರ್, ಅಂದರೆ 10 ಲಕ್ಷ ಚದರ ಸೆಂಟಿಮೀಟರಿಗೆ ಹಂಚಿ: ಚದರ ಸೆಂಟಿಮೀಟರಿಗೆ 0.9 ನ್ಯಾನೊಗ್ರಾಂ. ವರ್ಷಕ್ಕೆ 250 ಪಾಳಿಯಾದರೆ ಸುಮಾರು 0.23 ಮೈಕ್ರೋಗ್ರಾಂ. ಶ್ವಾಸಕೋಶ ಒಂದು ಕಣವನ್ನೂ ಹೊರಹಾಕುವುದಿಲ್ಲ ಎಂದು ಭಾವಿಸಿದರೂ 45 ವರ್ಷದ ದುಡಿಮೆಗೆ ಚದರ ಸೆಂಟಿಮೀಟರಿಗೆ 10 ಮೈಕ್ರೋಗ್ರಾಂ.

ಈಗ ಪ್ರಯೋಗಾಲಯಕ್ಕೆ ಬನ್ನಿ. 96 ಗುಳಿಗಳ ಪ್ಲೇಟಿನಲ್ಲಿ ಒಂದು ಗುಳಿಯ ತಳ ಸುಮಾರು 0.32 ಚದರ ಸೆಂಟಿಮೀಟರ್, ಹಾಕುವ ದ್ರವ 100 ಮೈಕ್ರೋಲೀಟರ್. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಎಂದರೆ ಗುಳಿಯಲ್ಲಿ 10 ಮೈಕ್ರೋಗ್ರಾಂ, ಪೂರ್ತಿ ತಳಕ್ಕಿಳಿದರೆ ಚದರ ಸೆಂಟಿಮೀಟರಿಗೆ 31 ಮೈಕ್ರೋಗ್ರಾಂ. ನಾಲ್ಕೂವರೆ ದಶಕದ ದುಡಿಮೆಯಲ್ಲಿ ಕೂಡಿಬರಬಹುದಾದ ಗರಿಷ್ಠ ಮೊತ್ತದ ಮೂರು ಪಟ್ಟನ್ನು ಒಂದೇ ಬೆಳಗ್ಗೆ ಸುರಿದಂತಾಯಿತು. ಅಷ್ಟು ಹಾಕಬಾರದೆಂದಲ್ಲ, ವಸ್ತುಗಳನ್ನು ಒಂದರ ಪಕ್ಕ ಒಂದಿಟ್ಟು ಅಪಾಯದ ಕ್ರಮದಲ್ಲಿ ಜೋಡಿಸಲು ಹೆಚ್ಚಿನ ಡೋಸ್ ಬೇಕಾಗಬಹುದು. ಆದರೆ ಹಾಕಿದ್ದೇನೆಂಬ ಅರಿವು ಹಾಕುವವರಿಗೆ ಇರಬೇಕು.

ನನ್ನ ಸಲಹೆ: ಡೋಸನ್ನು ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದೇ ಯೋಜಿಸಿ. 0.1, 0.3, 1, 3, 10 ಎಂಬ ಏಣಿ ಬಹುತೇಕ ವಸ್ತುಗಳಿಗೆ ಒಳ್ಳೆಯ ಆರಂಭ. ಬೇಕಿದ್ದರೆ ಮೇಲಕ್ಕೆ 30 ಸೇರಿಸಿ. ಇಂಗಾಲದ ನ್ಯಾನೊ ಕೊಳವೆಗಳಿಗೆ ಏಣಿ ಇನ್ನೂ ಕೆಳಗಿನಿಂದ ಶುರುವಾಗಲಿ. ಅವುಗಳಿಗೆ ನಿಯೋಶ್ 2013ರಲ್ಲಿ ಸೂಚಿಸಿದ ಮಿತಿ ಘನ ಮೀಟರಿಗೆ ಕೇವಲ 1 ಮೈಕ್ರೋಗ್ರಾಂ.

ನಿಮ್ಮ ಉಸಿರಿನ ರಕ್ಷಣೆ

ಒಣ ಪುಡಿಯನ್ನು ತೆರೆದ ಮೇಜಿನ ಮೇಲೆ ತೂಗಬೇಡಿ. ಹೆಪಾ ಶೋಧಕವಿರುವ ಮುಚ್ಚಿದ ಪೆಟ್ಟಿಗೆಯೊಳಗೆ ತೂಕ ಮಾಡಿ, ಅಲ್ಲಿಯೇ ದ್ರವ ಸೇರಿಸಿ ಒದ್ದೆ ಮಾಡಿಯೇ ಹೊರತೆಗೆಯಿರಿ. ನೈಟ್ರೈಲ್ ಕೈಗವಸು ಎರಡು ಪದರ, ಕಣ ಶೋಧಿಸುವ ಮುಖಗವಸು, ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ಇರಲಿ. ಪೊರಕೆ ಮತ್ತು ಸಾಮಾನ್ಯ ವ್ಯಾಕ್ಯೂಮ್ ಬೇಡ. ಸೋನಿಕೇಟರ್ (ಶಬ್ದತರಂಗದಿಂದ ಕಣಗುಂಪುಗಳನ್ನು ಬಿಡಿಸುವ ಸಾಧನ) ಮತ್ತು ನೆಬ್ಯುಲೈಸರ್ (ದ್ರವವನ್ನು ಮಂಜಾಗಿಸುವ ಸಾಧನ) ಹನಿಗಳನ್ನು ಗಾಳಿಗೆ ಎಬ್ಬಿಸುತ್ತವೆ; ಅವೂ ಮುಚ್ಚಿದ ಜಾಗದಲ್ಲೇ ನಡೆಯಲಿ. ಉಳಿದ ಕಣದ್ರವವನ್ನು ಸಿಂಕಿಗೆ ಚೆಲ್ಲದೆ ಗುರುತು ಹಚ್ಚಿದ ಡಬ್ಬಿಯಲ್ಲಿ ಅಪಾಯಕಾರಿ ತ್ಯಾಜ್ಯವೆಂದು ವಿಲೇವಾರಿಗೆ ಕೊಡಿ.

ವಸ್ತುವಿನ ಪರಿಚಯ

ತಯಾರಕರ ಮಾಹಿತಿಪತ್ರವನ್ನು ನಂಬಿ ಮುಂದುವರಿಯಬಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣದ ಆಕಾರ ಮತ್ತು ಮೂಲ ಗಾತ್ರ, ಅನಿಲ ಅಂಟುವ ಪ್ರಮಾಣವನ್ನು ನೋಡುವ ಬಿಇಟಿ ವಿಧಾನದಲ್ಲಿ ಗ್ರಾಮಿಗೆ ಎಷ್ಟು ಚದರ ಮೀಟರ್ ಮೇಲ್ಮೈ, ಎಕ್ಸ್‌ರೇ ವಿವರ್ತನೆಯಲ್ಲಿ ಸ್ಫಟಿಕ ರೂಪ, ಅತ್ಯಲ್ಪ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಎಂಬ ಸಾಧನದಲ್ಲಿ ಲೋಹದ ಕಲ್ಮಶ, ಜೊತೆಗೆ ಮೇಲ್ಮೈ ವಿದ್ಯುದಾವೇಶ ಇಷ್ಟು ತಿಳಿದಿರಲೇಬೇಕು. ಹೋಲಿಕೆಗೆಂದು ಐರೋಪ್ಯ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರದ ಭಂಡಾರದ ವಸ್ತುಗಳನ್ನು ಬಳಸಿದರೆ, ಉದಾಹರಣೆಗೆ ಟೈಟಾನಿಯಂ ಡೈಆಕ್ಸೈಡಿನ ಎನ್‌ಎಂ-105 ಅಥವಾ ಸತು ಆಕ್ಸೈಡಿನ ಎನ್‌ಎಂ-110, ನಿಮ್ಮ ಫಲಿತಾಂಶವನ್ನು ಬೇರೆ ಪ್ರಯೋಗಾಲಯಗಳ ಫಲಿತಾಂಶದೊಂದಿಗೆ ತಾಳೆ ನೋಡಬಹುದು.

ದ್ರವದಲ್ಲಿ ಗಾತ್ರ ಅಳೆಯಲು ಎಲ್ಲರೂ ಡಿಎಲ್‌ಎಸ್ ಬಳಸುತ್ತಾರೆ; ಕಣಗಳು ಚದುರಿಸುವ ಬೆಳಕಿನಿಂದ ಗಾತ್ರ ತಿಳಿಯುವ ವಿಧಾನ ಅದು. ಅದರ ಒಂದು ದೌರ್ಬಲ್ಯ ನೆನಪಿರಲಿ: ಸಣ್ಣ ಕಣಗಳು ಚದುರಿಸುವ ಬೆಳಕು ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಹತ್ತು ಪಟ್ಟಾದರೆ ಬೆಳಕು ಹತ್ತು ಲಕ್ಷ ಪಟ್ಟು. ನಾಲ್ಕಾರು ದೊಡ್ಡ ಗುಂಪುಗಳಿದ್ದರೆ ಸಾವಿರಾರು ಸಣ್ಣ ಕಣಗಳು ಕಾಣಿಸದೆಯೇ ಹೋಗುತ್ತವೆ. ಅಳತೆಯನ್ನು ನೀರಿನಲ್ಲಿ ಮಾತ್ರ ಮಾಡಿ ನಿಲ್ಲಿಸಬೇಡಿ. ಕೋಶಗಳಿಗೆ ಹಾಕುವ ಪೋಷಕ ದ್ರವದಲ್ಲೇ, ಹಾಕಿದ ಕ್ಷಣದಲ್ಲಿ ಮತ್ತು 24 ಗಂಟೆಯ ನಂತರ ಮಾಡಿ.

ಕರಗುವ ಗುಣವೂ ಅಷ್ಟೇ ಮುಖ್ಯ. ಸತು ಆಕ್ಸೈಡ್ ತಟಸ್ಥ ದ್ರವದಲ್ಲಿ ಸ್ವಲ್ಪ ಮಾತ್ರ ಕರಗುತ್ತದೆ. ಕೋಶ ಅದನ್ನು ನುಂಗಿ ಲೈಸೋಸೋಮಿಗೆ ಒಯ್ದಾಗ, ಅಲ್ಲಿನ ಪಿಎಚ್ 4.5ರ ಆಮ್ಲೀಯತೆಯಲ್ಲಿ, ಬೇಗನೆ ಕರಗಿ ಅಯಾನುಗಳನ್ನು ಬಿಡುತ್ತದೆ. ಬೆಳ್ಳಿಯೂ ಅಯಾನು ಬಿಡುತ್ತದೆ. ಆದ್ದರಿಂದ ಪೋಷಕ ದ್ರವದಲ್ಲಿಯೂ ಪಿಎಚ್ 4.5ರ ಕೃತಕ ಲೈಸೋಸೋಮ್ ದ್ರವದಲ್ಲಿಯೂ ಎಷ್ಟು ಕರಗಿತೆಂದು ಅಳೆಯಿರಿ. ಅಷ್ಟೇ ಪ್ರಮಾಣದ ಸತು ಕ್ಲೋರೈಡ್ ಅಥವಾ ಬೆಳ್ಳಿ ನೈಟ್ರೇಟನ್ನು ಬೇರೆ ಗುಳಿಗಳಿಗೆ ಹಾಕಿ. ಹಾನಿ ಮಾಡಿದ್ದು ಕಣವೋ ಅಯಾನೋ ಎಂದು ತಿಳಿಯಲು ಇದಕ್ಕಿಂತ ನೇರ ದಾರಿ ಇಲ್ಲ.

ಇನ್ನು ಎಂಡೋಟಾಕ್ಸಿನ್. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಈ ಅಂಶ ಕಣದ ಮೇಲ್ಮೈಗೆ ಸಲೀಸಾಗಿ ಅಂಟಿಕೊಳ್ಳುತ್ತದೆ. ನೀವು ಕಣ ತಂದ ಉರಿಯೂತವೆಂದು ವರದಿ ಮಾಡಿದ್ದು ವಾಸ್ತವದಲ್ಲಿ ಬ್ಯಾಕ್ಟೀರಿಯಾದ ಅವಶೇಷದ ಕೆಲಸವಾಗಿರಬಹುದು. ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ ಮಾಡಿ. ನ್ಯಾನೊ ವಸ್ತುಗಳಿಗೆಂದೇ ಐಎಸ್‌ಒ 29701 ಎಂಬ ಮಾನದಂಡವಿದೆ. ಕಣದ್ರವಕ್ಕೆ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಸೇರಿಸಿ, ಅದರಲ್ಲಿ ಶೇಕಡ 50ರಿಂದ 200ರಷ್ಟು ಮರಳಿ ಕಾಣುತ್ತದೆಯೇ ಎಂದು ನೋಡದಿದ್ದರೆ “ಎಂಡೋಟಾಕ್ಸಿನ್ ಇಲ್ಲ” ಎಂಬ ಫಲಿತಾಂಶಕ್ಕೆ ಅರ್ಥವಿಲ್ಲ. ಕಣವೇ ಅದನ್ನು ಮರೆಮಾಡಿರಬಹುದು.

ಕಣಗಳನ್ನು ದ್ರವದಲ್ಲಿ ಬಿಡಿಸುವುದು

ಹೊಸದಾಗಿ ವಿಧಾನ ಕಂಡುಹಿಡಿಯುವ ಬದಲು ಪ್ರಚಲಿತವಾದ ಒಂದನ್ನು ಹಿಡಿಯುವುದು ಒಳ್ಳೆಯದು. ನ್ಯಾನೊಜೆನೊಟಾಕ್ಸ್ ಎಂಬ ಐರೋಪ್ಯ ಯೋಜನೆಯ ವಿಧಾನ ಬಹಳ ಕಡೆ ಬಳಕೆಯಲ್ಲಿದೆ. ಪುಡಿಯನ್ನು ಮೊದಲು ಸ್ವಲ್ಪವೇ ಎಥನಾಲಿನಿಂದ ಒದ್ದೆ ಮಾಡಬೇಕು. ಒಟ್ಟು ದ್ರವದಲ್ಲಿ ಅದು ಶೇಕಡ 0.5. ನಂತರ ಶೇಕಡ 0.05 ಬಿಎಸ್‌ಎ ಪ್ರೋಟೀನ್ ಇರುವ ನೀರು ಸೇರಿಸಿ ಮಿಲಿಲೀಟರಿಗೆ 2.56 ಮಿಲಿಗ್ರಾಂ ಸಾಂದ್ರತೆಗೆ ತರಬೇಕು. ಮಂಜುಗಡ್ಡೆಯಲ್ಲಿ ಇಟ್ಟುಕೊಂಡೇ 16 ನಿಮಿಷ ಪ್ರೋಬ್ ಸೋನಿಕೇಟರಿನಲ್ಲಿ ಅಲುಗಿಸಬೇಕು.

ಸೋನಿಕೇಟರಿನ ಫಲಕ ತೋರಿಸುವ ವ್ಯಾಟ್ ಸಂಖ್ಯೆ ದ್ರವಕ್ಕೆ ನಿಜವಾಗಿ ಸೇರಿದ ಶಕ್ತಿಯನ್ನು ಹೇಳುವುದಿಲ್ಲ. ಗೊತ್ತಿರುವ ತೂಕದ ನೀರನ್ನು ಶಾಖ ಹೊರಹೋಗದ ಪಾತ್ರೆಯಲ್ಲಿಟ್ಟು, ಸೋನಿಕೇಟರ್ ನಡೆಸಿ, ಉಷ್ಣಾಂಶ ಏರುವ ವೇಗವನ್ನು ದಾಖಲಿಸಿದರೆ ನಿಜವಾದ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ. ಇದನ್ನು ಮಾಡದ ಎರಡು ಪ್ರಯೋಗಾಲಯಗಳು ಒಂದೇ ಪುಡಿಯಿಂದ ಬೇರೆ ಬೇರೆ ಗಾತ್ರದ ಗುಂಪುಗಳನ್ನು ತಯಾರಿಸಿ ಬೇರೆ ಬೇರೆ ಫಲಿತಾಂಶ ಪಡೆಯುತ್ತವೆ. ಪ್ರೋಬಿನ ಟೈಟಾನಿಯಂ ತುದಿ ಸವೆದು ದ್ರವಕ್ಕೆ ಬೀಳುವುದೂ ಉಂಟು, ಆದ್ದರಿಂದ ಕಣವಿಲ್ಲದ ದ್ರವವನ್ನೂ ಅದೇ ರೀತಿ ಸೋನಿಕೇಟ್ ಮಾಡಿ ಕಂಟ್ರೋಲ್ ಗುಳಿಗಳಿಗೆ ಹಾಕಿ. ತಯಾರಾದ ದ್ರವವನ್ನು ಅಂದೇ, ಸಾಧ್ಯವಾದರೆ ಗಂಟೆಯೊಳಗೆ ಬಳಸಿ.

ಕೋಶಗಳ ಆಯ್ಕೆ

ಎ549 ಎಲ್ಲರಿಗೂ ಪರಿಚಿತ. 1972ರಲ್ಲಿ 58 ವರ್ಷದ ಪುರುಷರೊಬ್ಬರ ಶ್ವಾಸಕೋಶದ ಗೆಡ್ಡೆಯಿಂದ ಪಡೆದದ್ದು, ಗಾಳಿಗೂಡಿನ ಎರಡನೆಯ ಬಗೆಯ ಕೋಶಗಳನ್ನು ಕೆಲಮಟ್ಟಿಗೆ ಹೋಲುತ್ತದೆ, ಸುಲಭವಾಗಿ ಬೆಳೆಯುತ್ತದೆ. ಆದರೆ ಅದು ಕ್ಯಾನ್ಸರ್ ಕೋಶ, ಗಟ್ಟಿಮುಟ್ಟು. ಕೋಶಗಳ ನಡುವಿನ ಬಿಗಿ ಬೆಸುಗೆ ಅದರಲ್ಲಿ ದುರ್ಬಲವಾಗಿರುವುದರಿಂದ ಗೋಡೆ ಸೋರುವುದನ್ನು ಪರೀಕ್ಷಿಸಲು ಎ549 ತಕ್ಕದ್ದಲ್ಲ. ಆ ಕೆಲಸಕ್ಕೆ ಕ್ಯಾಲು-3 ಎಂಬ ಇನ್ನೊಂದು ಶ್ವಾಸಕೋಶದ ಕೋಶ ವಾಸಿ. ಬಿಯಾಸ್-2ಬಿ ಶ್ವಾಸನಾಳದ ಕ್ಯಾನ್ಸರೇತರ ಕೋಶ; ಸೀರಂ ಹಾಕಿದರೆ ಅದರ ಸ್ವಭಾವವೇ ಬದಲಾಗುತ್ತದೆ, ಆದ್ದರಿಂದ ಸೀರಂ ಇಲ್ಲದ ದ್ರವದಲ್ಲಿ ಬೆಳೆಸಿ. ದಾನಿಗಳಿಂದ ಪಡೆದ ಶ್ವಾಸನಾಳದ ಕೋಶಗಳು ಗಾಳಿಗೆ ತೆರೆದುಕೊಂಡು ಮೂರ್ನಾಲ್ಕು ವಾರ ಬೆಳೆದರೆ ರೋಮ ಮತ್ತು ಲೋಳೆ ಎರಡನ್ನೂ ತಯಾರಿಸುತ್ತವೆ. ದುಬಾರಿ, ನಿಧಾನ, ದಾನಿಯಿಂದ ದಾನಿಗೆ ವ್ಯತ್ಯಾಸ. ಆದರೂ ಹಣ ಮತ್ತು ಸಮಯ ಇರುವವರು ಕೊನೆಯ ಸುತ್ತಿನ ಪರೀಕ್ಷೆಯನ್ನು ಅವುಗಳಲ್ಲೇ ಮಾಡಲಿ ಎಂದು ಒತ್ತಿ ಹೇಳುತ್ತೇನೆ.

ಮ್ಯಾಕ್ರೋಫೇಜ್ ಇಲ್ಲದ ಗಾಳಿಗೂಡಿನ ಮಾದರಿ ಅರ್ಧ ಮಾದರಿ. ಕಣಗಳನ್ನು ನುಂಗುವುದೂ ಉರಿಯೂತದ ಮೊದಲ ಕೂಗು ಹಾಕುವುದೂ ಆ ಕೋಶಗಳೇ. ಟಿಎಚ್‌ಪಿ-1 ಎಂಬ ಬಿಳಿರಕ್ತಕೋಶಗಳಿಗೆ ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜಿನಂತೆ ಮಾಡಿಕೊಂಡು ಎ549ರ ಮೇಲೆ ಕೂರಿಸಬಹುದು. ಪಿಎಂಎ ತೆಗೆದು ಕೋಶಗಳಿಗೆ ವಿಶ್ರಾಂತಿ ಕೊಟ್ಟ ಮೇಲೆಯೇ ಕಣ ಹಾಕಿ, ಇಲ್ಲದಿದ್ದರೆ ಪಿಎಂಎ ಎಬ್ಬಿಸಿದ ಉರಿಯೂತವೇ ಕಾಣುತ್ತದೆ. ಇಲಿಯ ಗಾಳಿಗೂಡಿನ ಮ್ಯಾಕ್ರೋಫೇಜ್ ಎನ್‌ಆರ್8383 ಇನ್ನೊಂದು ಒಳ್ಳೆಯ ಆಯ್ಕೆ. ಸೀರಂ ಇಲ್ಲದ ದ್ರವದಲ್ಲಿ ಅದನ್ನು ಕಣಗಳಿಗೆ ಒಡ್ಡಿ ಎಲ್‌ಡಿಎಚ್ (ಹಾನಿಗೊಂಡ ಕೋಶದಿಂದ ಸೋರುವ ಕಿಣ್ವ), ಗ್ಲುಕ್ಯುರೊನಿಡೇಸ್ (ಇನ್ನೊಂದು ಕಿಣ್ವ), ಹೈಡ್ರೋಜನ್ ಪೆರಾಕ್ಸೈಡ್, ಟಿಎನ್‌ಎಫ್-ಆಲ್ಫಾ (ಉರಿಯೂತದ ಸಂಕೇತ) ಈ ನಾಲ್ಕನ್ನು ಅಳೆಯುವ ವಿಧಾನವೊಂದು ಚೆನ್ನಾಗಿ ನೆಲೆಗೊಂಡಿದೆ. ಕಡಿಮೆ ಖರ್ಚಿನಲ್ಲಿ ಮೊದಲ ಜರಡಿ ಹಿಡಿಯಲು ಅದು ಸಾಕು.

ಯಾವ ಕೋಶವಾದರೂ ಸರಿ, ಮೈಕೋಪ್ಲಾಸ್ಮಾ ಪರೀಕ್ಷೆ ಮತ್ತು ಎಸ್‌ಟಿಆರ್ ಗುರುತು ಪರೀಕ್ಷೆ ಆಗಿರಲಿ, ಎಷ್ಟನೆಯ ಪೀಳಿಗೆಯೆಂದು ದಾಖಲೆಯಿರಲಿ.

ಕೋಶಗಳನ್ನು ಕಣಕ್ಕೆ ಒಡ್ಡುವುದು

ಎರಡು ದಾರಿಗಳಿವೆ. ಒಂದು, ದ್ರವದಲ್ಲಿ ಮುಳುಗಿದ ಕೋಶಗಳ ಮೇಲೆ ಕಣದ್ರವ ಹಾಕುವುದು. ಇನ್ನೊಂದು, ಗಾಳಿ ಮತ್ತು ದ್ರವದ ಗಡಿಯಲ್ಲಿ ಬೆಳೆದ ಕೋಶಗಳ ಮೇಲೆ ಮಂಜಿನ ರೂಪದಲ್ಲಿ ಕಣ ಬೀಳಿಸುವುದು.

ಮುಳುಗಿಸುವ ದಾರಿ ಅಗ್ಗ, ವೇಗ, ಹತ್ತಾರು ವಸ್ತುಗಳನ್ನು ಒಟ್ಟಿಗೆ ಪರೀಕ್ಷಿಸಲು ಅನುಕೂಲ. ಅದರ ತೊಡಕು ಆಗಲೇ ಹೇಳಿದ್ದು. 96 ಗುಳಿಯ ಪ್ಲೇಟಿನಲ್ಲಿ ದ್ರವದ ಎತ್ತರ ಸುಮಾರು 3 ಮಿಲಿಮೀಟರ್. ದೊಡ್ಡ, ಭಾರದ ಗುಂಪು ಕೆಲವೇ ಗಂಟೆಗಳಲ್ಲಿ ಇಳಿದೀತು. ಅಲೆದಾಡುವ ಸಣ್ಣ ಕಣ 24 ಗಂಟೆಯಲ್ಲೂ ತಳ ಮುಟ್ಟದಿರಬಹುದು. ಪಾಲಿಪ್ರೊಪಿಲೀನಿನಂಥ ಪ್ಲಾಸ್ಟಿಕ್ ನೀರಿಗಿಂತ ಹಗುರವಾದ್ದರಿಂದ ಮೇಲೇ ತೇಲುತ್ತದೆ. ಆಗ “ವಿಷವಿಲ್ಲ” ಎಂಬ ಫಲಿತಾಂಶ ಬಂದರೆ ಅದರ ಅರ್ಥ ಕಣ ಕೋಶವನ್ನು ಭೇಟಿಯೇ ಆಗಲಿಲ್ಲ ಎಂದಷ್ಟೇ.

ಇದಕ್ಕೆ ಲೆಕ್ಕದ ಪರಿಹಾರವಿದೆ. ಕಣಗುಂಪಿನ ಒಳಗೆ ದ್ರವವೂ ಸಿಕ್ಕಿಕೊಂಡಿರುವುದರಿಂದ ಅದರ ಸಾಂದ್ರತೆ ಮೂಲ ವಸ್ತುವಿಗಿಂತ ಬಹಳ ಕಡಿಮೆ. ಕಿರಿದಾದ ತಳದ ನಳಿಕೆಯಲ್ಲಿ ಕಣದ್ರವವನ್ನು ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತ ಗಷ್ಟಿನ ಗಾತ್ರವನ್ನು ಅಳೆದು ಆ ಪರಿಣಾಮಕಾರಿ ಸಾಂದ್ರತೆಯನ್ನು ಕಂಡುಕೊಳ್ಳಿ. ಆ ಸಂಖ್ಯೆ, ಡಿಎಲ್‌ಎಸ್ ಗಾತ್ರ, ದ್ರವದ ಎತ್ತರ ಮತ್ತು ಸ್ನಿಗ್ಧತೆ, ಉಷ್ಣಾಂಶ ಇವನ್ನು ಐಎಸ್‌ಡಿಡಿ ಅಥವಾ ಡಿಸ್ಟಾರ್ಟೆಡ್ ಗ್ರಿಡ್ ಎಂಬ ಗಣಿತ ಮಾದರಿಗೆ ಕೊಟ್ಟರೆ ಗಂಟೆಗಂಟೆಗೆ ಎಷ್ಟು ಪಾಲು ತಳ ಮುಟ್ಟಿತೆಂದು ಹೇಳುತ್ತದೆ. ಲೋಹದ ಕಣಗಳಾದರೆ ಒಡ್ಡಿಕೆಯ ನಂತರ ಕೋಶಗಳನ್ನು ತೊಳೆದು, ಆಮ್ಲದಲ್ಲಿ ಕರಗಿಸಿ, ಐಸಿಪಿ-ಎಂಎಸ್‌ನಲ್ಲಿ ಅಳೆದು ಆ ಲೆಕ್ಕವನ್ನು ಪರಿಶೀಲಿಸಿ. ಅಳೆದ ಸಂಖ್ಯೆ ಕೈಯಲ್ಲಿದ್ದರೆ ಮಾದರಿಯ ಮೇಲಿನ ವಾದ ಮುಗಿಯುತ್ತದೆ.

ಗಾಳಿಯ ಗಡಿಯ ದಾರಿ ದೇಹದ ಸ್ಥಿತಿಗೆ ಹತ್ತಿರ. 0.4 ಮೈಕ್ರೋಮೀಟರ್ ರಂಧ್ರಗಳ ತೆಳು ಪೊರೆಯಿರುವ ಇನ್ಸರ್ಟಿನ (ಗುಳಿಯೊಳಗೆ ಕೂರುವ ಸಣ್ಣ ಬಟ್ಟಲಿನ) ಮೇಲೆ ಕೋಶಗಳನ್ನು ಬಿತ್ತಿ. ಅವು ಪೂರ್ತಿ ಹಾಸಿಕೊಂಡ ಮೇಲೆ ಮೇಲ್ಭಾಗದ ದ್ರವ ತೆಗೆಯಿರಿ. ಪೋಷಣೆ ಕೆಳಗಿನಿಂದ ಮಾತ್ರ ಸಿಗುತ್ತದೆ. ಈ ಸ್ಥಿತಿಯಲ್ಲಿ ಎ549 ಕೂಡ ಗಾಳಿಗೂಡಿನ ಒಳಮೈಯನ್ನು ಸವರುವ ಸರ್ಫ್ಯಾಕ್ಟೆಂಟನ್ನು ಹೆಚ್ಚು ತಯಾರಿಸುತ್ತದೆ. ಕಣವು ಸೀರಂ ಪ್ರೋಟೀನಿನ ಹೊದಿಕೆ ತೊಟ್ಟು ಬರುವ ಬದಲು ಶ್ವಾಸಕೋಶದ ದ್ರವಪದರಕ್ಕೇ ಮೊದಲು ತಾಗುತ್ತದೆ. ಕಣ ಇಳಿಯುವುದಕ್ಕೆ ದಿನಗಟ್ಟಲೆ ಕಾಯಬೇಕಿಲ್ಲ.

ಒಡ್ಡಲು ವಿಟ್ರೋಸೆಲ್ ಕ್ಲೌಡ್‌ನಂಥ ಮುಚ್ಚಿದ ಕೋಣೆಯ ಸಾಧನಗಳು ಸರಳ. ಸುಮಾರು 200 ಮೈಕ್ರೋಲೀಟರ್ ಕಣದ್ರವವನ್ನು ಕಂಪಿಸುವ ಜಾಲರಿಯ ನೆಬ್ಯುಲೈಸರ್ ಮಂಜಾಗಿಸುತ್ತದೆ, ಮಂಜು ಕೆಲವು ನಿಮಿಷಗಳಲ್ಲಿ ಕೋಶಗಳ ಮೇಲೆ ಇಳಿಯುತ್ತದೆ. ತೀರಾ ಶುದ್ಧ ನೀರಿನಲ್ಲಿ ಇಂಥ ನೆಬ್ಯುಲೈಸರ್ ಸರಿಯಾಗಿ ಕೆಲಸ ಮಾಡದಿರಬಹುದು, ಅತ್ಯಲ್ಪ ಲವಣ ಬೇಕು. ಹೆಚ್ಚು ಲವಣ ಹಾಕಿದರೆ ಕಣಗಳು ಗುಂಪುಗೂಡುತ್ತವೆ. ಕೋಣೆಯೊಳಗಿನ ಸ್ಫಟಿಕ ಸೂಕ್ಷ್ಮತಕ್ಕಡಿ ಬಿದ್ದ ತೂಕವನ್ನು ಅಲ್ಲಿಯೇ ತೋರಿಸುತ್ತದೆ. ಲವಣದ ತೂಕ ಕಳೆಯುವುದನ್ನು ಮರೆಯಬೇಡಿ. ಮೊದಲ ಕೆಲವು ಓಟಗಳನ್ನು ಕೋಶಗಳಿಲ್ಲದೆಯೇ ಮಾಡಿ, ಪ್ರತಿ ಇನ್ಸರ್ಟಿನ ಜಾಗದಲ್ಲೂ ಸಮನಾಗಿ ಬೀಳುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊಳೆಯುವ ಬಣ್ಣವೊಂದನ್ನು ಮಂಜಾಗಿಸಿ ಅಳೆದರೆ ಸಾಕು. ಒಣ ಕಣಗಳ ಗಾಳಿಯನ್ನು ನಿರಂತರವಾಗಿ ಹರಿಸುವ ಸಾಧನಗಳೂ ಇವೆ. ಅವುಗಳಲ್ಲಿ ನೂರಾರು ನ್ಯಾನೊಮೀಟರಿನ ಕಣಗಳು ಗಾಳಿಯೊಂದಿಗೇ ಸಾಗಿಹೋಗಿ ಕೋಶದ ಮೇಲೆ ಬೀಳುವುದು ಬಹಳ ಕಡಿಮೆ. ವಿದ್ಯುತ್ ಕ್ಷೇತ್ರ ಹಾಕಿ ಎಳೆಯಬೇಕಾಗುತ್ತದೆ. ಗಾಳಿ 37 ಡಿಗ್ರಿಯಲ್ಲಿ, ಚೆನ್ನಾಗಿ ತೇವವಾಗಿರಬೇಕು. ಇಲ್ಲದಿದ್ದರೆ ಕೋಶಗಳನ್ನು ಕೊಲ್ಲುವುದು ಒಣಗುವಿಕೆ, ಹೆಸರು ಕೆಡುವುದು ಕಣದ್ದು.

ಕಂಟ್ರೋಲ್‌ಗಳು

ಇನ್‌ಕ್ಯುಬೇಟರಿನಲ್ಲೇ ಉಳಿದ, ಯಾವುದಕ್ಕೂ ಒಡ್ಡದ ಕೋಶಗಳು. ಕಣವಿಲ್ಲದ ವಾಹಕ ದ್ರವ ಅಥವಾ ಶುದ್ಧ ಮಂಜಿಗೆ ಒಡ್ಡಿದ ಕೋಶಗಳು. ಇವೆರಡರ ನಡುವೆ ವ್ಯತ್ಯಾಸ ಕಂಡರೆ ನಿಮ್ಮ ಸಾಧನವೇ ಕೋಶಗಳನ್ನು ನೋಯಿಸುತ್ತಿದೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಎಲ್‌ಡಿಎಚ್‌ನ ಗರಿಷ್ಠ ಮಟ್ಟಕ್ಕೆ ಕೋಶ ಒಡೆಯುವ ಮಾರ್ಜಕ ಟ್ರೈಟಾನ್ ಎಕ್ಸ್-100, ಉರಿಯೂತಕ್ಕೆ ಎಲ್‌ಪಿಎಸ್ (ಎಂಡೋಟಾಕ್ಸಿನ್) ಅಥವಾ ಟಿಎನ್‌ಎಫ್-ಆಲ್ಫಾ. ರಾಸಾಯನಿಕ ಕಂಟ್ರೋಲ್ ಸಾಲದು, ಕಣದ ಕಂಟ್ರೋಲ್ ಬೇಕು: ಹಾನಿಕರವೆಂದು ಗೊತ್ತಿರುವ ಡಿಕ್ಯೂ12 ಸ್ಫಟಿಕ ಸಿಲಿಕಾ ಅಥವಾ ಸತು ಆಕ್ಸೈಡ್, ನಿರುಪದ್ರವಕ್ಕೆ ಹತ್ತಿರವಾದ ಬೇರಿಯಂ ಸಲ್ಫೇಟ್. ಈ ಎರಡನ್ನು ಬೇರ್ಪಡಿಸಿ ತೋರಿಸದ ಪರೀಕ್ಷೆ ಮೂರನೆಯ ವಸ್ತುವಿನ ಬಗ್ಗೆ ಏನನ್ನೂ ಹೇಳಲಾರದು.

ಅಳತೆಗೆ ಕಣಗಳ ಅಡ್ಡಿ

ಇಲ್ಲಿ ತಾಳ್ಮೆ ಬೇಕು. ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಫಾರ್ಮಜಾನ್ ಹರಳುಗಳಾಗಿ ಮಾಡುತ್ತದೆ. ಇಂಗಾಲದ ನ್ಯಾನೊ ಕೊಳವೆಗಳು ಆ ಹರಳುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹರಳು ಕರಗುವುದಿಲ್ಲ, ಬಣ್ಣ ಕಾಣುವುದಿಲ್ಲ. ಕೋಶಗಳು ಬದುಕಿದ್ದರೂ ಸತ್ತಂತೆ ತೋರುತ್ತದೆ. ನೀರಿನಲ್ಲಿ ಕರಗುವ ಉತ್ಪನ್ನ ಕೊಡುವ ಡಬ್ಲ್ಯುಎಸ್‌ಟಿ-1 ಬಳಸಿದಾಗ ಆ ಸಾವು ಮಾಯವಾಗುತ್ತದೆ. ಎಲ್‌ಡಿಎಚ್ ಕಿಣ್ವವನ್ನು ಕೆಲವು ಕಣಗಳು ಹೀರಿಕೊಳ್ಳುತ್ತವೆ, ಬೆಳ್ಳಿ ಮತ್ತು ತಾಮ್ರದ ಅಯಾನುಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಅಲ್ಲಿ ತಪ್ಪು ಮೇಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿ, ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಐಎಲ್-8ರಂಥ ಉರಿಯೂತ ಸಂಕೇತಗಳೂ ಕಣದ ಮೇಲ್ಮೈಗೆ ಅಂಟಿ ಎಲೈಸಾದಲ್ಲಿ ಕಾಣೆಯಾಗಬಹುದು.

ಹಾಗಾಗಿ ಪ್ರತಿ ಹೊಸ ವಸ್ತುವಿಗೂ ಕೋಶಗಳ ಪ್ರಯೋಗಕ್ಕೆ ಮುನ್ನ ಮೂರು ಪರಿಶೀಲನೆ ಮಾಡಿ. ಕೋಶವಿಲ್ಲದ ಗುಳಿಯಲ್ಲಿ ಕಣ ಮತ್ತು ಬಣ್ಣದ ದ್ರವ ಮಾತ್ರ ಹಾಕಿ: ಕಣವೇ ಬೆಳಕು ಹೀರುತ್ತದೆಯೇ, ತಾನೇ ಬಣ್ಣ ಬದಲಿಸುತ್ತದೆಯೇ? ಟ್ರೈಟಾನ್‌ನಿಂದ ಒಡೆದ ಕೋಶಗಳ ದ್ರವಕ್ಕೆ ಎಲ್ಲ ಡೋಸ್‌ಗಳಲ್ಲೂ ಕಣ ಸೇರಿಸಿ 24 ಗಂಟೆ ಇಟ್ಟು ನೋಡಿ: ಎಲ್‌ಡಿಎಚ್ ಎಷ್ಟು ಉಳಿಯಿತು? ಗೊತ್ತಿರುವಷ್ಟು ಐಎಲ್-8ಕ್ಕೆ ಕಣ ಬೆರೆಸಿ: ಎಷ್ಟು ಮರಳಿ ಸಿಕ್ಕಿತು? ಓದುವ ಮುನ್ನ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನು ಹೊಸ ಪ್ಲೇಟಿಗೆ ವರ್ಗಾಯಿಸಿದರೆ ಅರ್ಧದಷ್ಟು ತೊಂದರೆ ಅಲ್ಲಿಯೇ ಕಳೆಯುತ್ತದೆ. ಉಳಿದದ್ದಕ್ಕೆ ಬೇರೆ ತತ್ತ್ವದ ಎರಡನೆಯ ಪರೀಕ್ಷೆಯೇ ಉತ್ತರ. ಒಂದೇ ಪರೀಕ್ಷೆಯ ಮೇಲೆ ನಿಂತ ವಿಷಗುಣದ ಹೇಳಿಕೆಯನ್ನು ನಾನು ಒಪ್ಪುವುದಿಲ್ಲ.

ಏನನ್ನು ಅಳೆಯಬೇಕು

ಮೊದಲು ಸಾವು: ಎಲ್‌ಡಿಎಚ್ ಸೋರಿಕೆ ಮತ್ತು ಡಬ್ಲ್ಯುಎಸ್‌ಟಿ-1 ಅಥವಾ ರೆಸಜುರಿನ್. ವೈದ್ಯಕೀಯ ಸಾಧನಗಳ ಮಾನದಂಡ ಐಎಸ್‌ಒ 10993-5ರಲ್ಲಿ ಬದುಕುಳಿದವು ಶೇಕಡ 70ಕ್ಕಿಂತ ಕಡಿಮೆಯಾದರೆ ವಿಷಕಾರಿ ಸಾಧ್ಯತೆ ಎಂದು ಪರಿಗಣಿಸುತ್ತಾರೆ. ಅದು ಉಪಯುಕ್ತ ಗೆರೆ; ಬದುಕುಳಿದವು ಆ ಗೆರೆಗಿಂತ ಕೆಳಗಿಳಿಯುವ ಡೋಸ್‌ಗಳಲ್ಲಿ ಉರಿಯೂತ ಅಥವಾ ಡಿಎನ್‌ಎ ಹಾನಿಯ ಅಳತೆಯನ್ನು ನೆಚ್ಚಬೇಡಿ, ಸಾಯುತ್ತಿರುವ ಕೋಶದಲ್ಲಿ ಎಲ್ಲವೂ ಕೆಟ್ಟಿರುತ್ತದೆ.

ನಂತರ ಉರಿಯೂತ: ಐಎಲ್-6, ಐಎಲ್-8, ಟಿಎನ್‌ಎಫ್-ಆಲ್ಫಾ. ಗಾಳಿಯ ಗಡಿಯ ಮಾದರಿಯಲ್ಲಿ ಗೋಡೆಯ ಬಿಗಿತವನ್ನು ವಿದ್ಯುತ್ ರೋಧದಿಂದ ಅಳೆಯುತ್ತಾರೆ. ಖಾಲಿ ಇನ್ಸರ್ಟಿನ ಮೌಲ್ಯ ಕಳೆದು, ಪೊರೆಯ ವಿಸ್ತೀರ್ಣದಿಂದ ಗುಣಿಸಿ. ಇನ್‌ಕ್ಯುಬೇಟರಿನಿಂದ ತೆಗೆದ ಕೂಡಲೇ ಒಮ್ಮೆ, ತಣಿದ ಮೇಲೆ ಇನ್ನೊಮ್ಮೆ ಅಳೆದರೆ ಸಂಖ್ಯೆಗಳು ಬೇರೆಯಾಗುತ್ತವೆ. ಸಮಯವನ್ನು ನಿಗದಿ ಮಾಡಿಕೊಳ್ಳಿ. ಆಕ್ಸಿಡೀಕರಣದ ಒತ್ತಡ ಅಳೆಯುವ ಡಿಸಿಎಫ್ ಬಣ್ಣವನ್ನು ಕಣಗಳು ನೇರವಾಗಿಯೇ ಬದಲಿಸಬಲ್ಲವು, ಆದ್ದರಿಂದ ಅದನ್ನು ಸುಳಿವಾಗಿ ಮಾತ್ರ ನೋಡಿ.

ಡಿಎನ್‌ಎ ಹಾನಿಯಲ್ಲಿ ಮೂರು ಎಚ್ಚರಿಕೆಗಳು. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಬದಲಾವಣೆ ನೋಡುವ ಏಮ್ಸ್ ಪರೀಕ್ಷೆ ಇಲ್ಲಿ ತಕ್ಕದ್ದಲ್ಲ. ಬ್ಯಾಕ್ಟೀರಿಯಾದ ಗೋಡೆ ಕಣವನ್ನು ತಡೆಯುತ್ತದೆ, ನುಂಗುವ ಶಕ್ತಿ ಅದಕ್ಕಿಲ್ಲ. ಕ್ರೋಮೋಸೋಮ್ ಹಾನಿ ನೋಡುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯಲ್ಲಿ ಬಳಸುವ ಸೈಟೊಕಲಾಸಿನ್-ಬಿ ಎಂಬ ರಾಸಾಯನಿಕ ಕೋಶ ಕಣ ನುಂಗುವುದನ್ನೇ ತಡೆಯುತ್ತದೆ, ಆದ್ದರಿಂದ ಕಣಗಳನ್ನು ಮೊದಲು ಹಾಕಿ, ಅವು ಒಳಸೇರಿದ ಮೇಲೆ ಅದನ್ನು ಸೇರಿಸಿ. ಡಿಎನ್‌ಎ ತುಂಡಾಗಿರುವುದನ್ನು ತೋರಿಸುವ ಕಾಮೆಟ್ ಪರೀಕ್ಷೆಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆಳಕಿನಲ್ಲಿ ಸ್ಲೈಡಿನ ಮೇಲೇ ಡಿಎನ್‌ಎ ಕತ್ತರಿಸಬಹುದು; ಮಂದ ಬೆಳಕಿನಲ್ಲಿ ಕೆಲಸ ಮಾಡಿ.

ನಾರಿನಂಥ ವಸ್ತುಗಳಿಗೆ ಬೇರೆಯೇ ಗಮನ ಬೇಕು. ಗಟ್ಟಿಯಾದ, ಮ್ಯಾಕ್ರೋಫೇಜಿಗಿಂತ ಉದ್ದವಾದ ನಾರನ್ನು ಆ ಕೋಶ ಪೂರ್ತಿ ನುಂಗಲಾರದು. ಅರ್ಧ ನುಂಗಿದ ಸ್ಥಿತಿಯಲ್ಲಿ ಸುತ್ತಲೂ ಹಾನಿಕರ ಅಂಶಗಳನ್ನು ಸುರಿಸುತ್ತದೆ. ಕಲ್ನಾರಿನ ಕಾಯಿಲೆಯ ಹಿಂದೆ ಇರುವುದೂ ಇದೇ. ಆದ್ದರಿಂದ ಉದ್ದದ ಹಂಚಿಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಮ್ಯಾಕ್ರೋಫೇಜ್‌ಗಳಲ್ಲಿ ಐಎಲ್-1ಬೀಟಾ ಅಳೆಯಿರಿ. ಸೋನಿಕೇಟರ್ ನಾರುಗಳನ್ನು ತುಂಡರಿಸುತ್ತದೆ, ಆದ್ದರಿಂದ ಎಣಿಕೆ ಸೋನಿಕೇಶನ್ ಆದ ಮೇಲಿರಲಿ. ಎಂಡಬ್ಲ್ಯುಸಿಎನ್‌ಟಿ-7 ಎಂಬ ಬಹುಪದರದ ಇಂಗಾಲದ ಕೊಳವೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2014ರಲ್ಲಿ ಮಾನವರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ 2ಬಿ ಗುಂಪಿಗೆ ಸೇರಿಸಿದರು. ಬೇರೆ ಇಂಗಾಲದ ಕೊಳವೆಗಳನ್ನು ವರ್ಗೀಕರಿಸಲು ಪುರಾವೆ ಸಾಲದೆನಿಸಿತು. ಹೆಸರು ಒಂದೇ ಇದ್ದ ಮಾತ್ರಕ್ಕೆ ಅಪಾಯ ಒಂದೇ ಅಲ್ಲ.

ಸಂಖ್ಯೆಗಳಿಂದ ಮಾತಿಗೆ

ಒಂದೇ ಪ್ಲೇಟಿನ ಆರು ಗುಳಿಗಳು ಆರು ಪ್ರಯೋಗಗಳಲ್ಲ. ಬೇರೆ ದಿನ, ಬೇರೆ ಪೀಳಿಗೆಯ ಕೋಶ, ಹೊಸದಾಗಿ ತಯಾರಿಸಿದ ಕಣದ್ರವ ಇದ್ದಾಗಲೇ ಅದು ಸ್ವತಂತ್ರ ಪ್ರಯೋಗ. ಅಂಥ ಮೂರಾದರೂ ಇರಲಿ, ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅವನ್ನೇ ಎಣಿಸಿ. ಪ್ಲೇಟಿನ ಅಂಚಿನ ಗುಳಿಗಳಿಂದ ನೀರು ಬೇಗ ಆವಿಯಾಗುವುದರಿಂದ ಅಲ್ಲಿ ಕೋಶ ಹಾಕದೆ ದ್ರವ ಮಾತ್ರ ತುಂಬಿಸಿ.

ಡೋಸಿನ ರೇಖೆ ಸಿಕ್ಕ ಮೇಲೆ ಗಮನಾರ್ಹ ಬದಲಾವಣೆ ಕಂಡ ಮೊದಲ ಡೋಸನ್ನು ಹೆಕ್ಕುವುದಕ್ಕಿಂತ ನಿಗದಿತ ಮಟ್ಟದ ಬದಲಾವಣೆ ತರುವ ಡೋಸನ್ನು ಅಂದಾಜಿಸುವ ಬೆಂಚ್‌ಮಾರ್ಕ್ ಡೋಸ್ ವಿಧಾನದಲ್ಲಿ ಇಡೀ ರೇಖೆಯನ್ನು ಬಳಸಿ. ತೂಕದ ಡೋಸಿನ ಪಕ್ಕದಲ್ಲಿ ಮೇಲ್ಮೈಯ ಡೋಸನ್ನೂ ಬರೆಯಿರಿ. ಗ್ರಾಮಿಗೆ 50 ಚದರ ಮೀಟರ್ ಮೇಲ್ಮೈಯಿರುವ ಪುಡಿಯ 10 ಮೈಕ್ರೋಗ್ರಾಂ ಒಂದು ಚದರ ಸೆಂಟಿಮೀಟರ್ ಕೋಶಗಳ ಮೇಲೆ ಬಿದ್ದರೆ, 5 ಚದರ ಸೆಂಟಿಮೀಟರ್ ಕಣಮೇಲ್ಮೈ ಅವನ್ನು ಎದುರಿಸುತ್ತದೆ. ಸುಲಭವಾಗಿ ಕರಗದ, ಕಡಿಮೆ ವಿಷಗುಣದ ಕಣಗಳಲ್ಲಿ ಉರಿಯೂತವು ತೂಕಕ್ಕಿಂತ ಈ ಮೇಲ್ಮೈಯೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಈ ಫಲಿತಾಂಶದಿಂದ ಹೇಳಬಹುದಾದದ್ದಕ್ಕೆ ಎಲ್ಲೆಯಿದೆ. 24 ಗಂಟೆಯ ಕೋಶಪರೀಕ್ಷೆ ವಸ್ತುಗಳನ್ನು ಅಪಾಯದ ಕ್ರಮದಲ್ಲಿ ಇಡಬಲ್ಲದು, ಹಾನಿಯ ಬಗೆಯನ್ನು ತೋರಿಸಬಲ್ಲದು, ಅನಗತ್ಯ ಪ್ರಾಣಿಪ್ರಯೋಗಗಳನ್ನು ತಪ್ಪಿಸಬಲ್ಲದು. ವರ್ಷಗಳಲ್ಲಿ ಬೆಳೆಯುವ ಶ್ವಾಸಕೋಶದ ಗಡಸುತನವನ್ನಾಗಲಿ, ಕಣ ಹೊರಹೋಗುವ ವೇಗವನ್ನಾಗಲಿ ಅದು ನೇರವಾಗಿ ಅಳೆಯಲಾರದು. 28 ಮತ್ತು 90 ದಿನಗಳ ಉಸಿರಾಟದ ಪರೀಕ್ಷೆಗೆ ಇರುವ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 412 ಮತ್ತು 413ನೆಯ ಮಾರ್ಗಸೂಚಿಗಳು ಪ್ರಾಣಿಗಳ ಮೇಲಿನವು. ನ್ಯಾನೊ ವಸ್ತುಗಳಿಗೆ ಹೊಂದುವಂತೆ ಅವನ್ನು 2018ರಲ್ಲಿ ಪರಿಷ್ಕರಿಸಲಾಯಿತು. ಅದೇ ವಸ್ತುವಿನ ಅಂಥ ಮಾಹಿತಿ ಲಭ್ಯವಿದ್ದರೆ, ಪ್ರಾಣಿಯ ಶ್ವಾಸಕೋಶದ ಚದರ ಸೆಂಟಿಮೀಟರಿಗೆ ಬಿದ್ದದ್ದನ್ನು ನಿಮ್ಮ ಕೋಶಗಳ ಮೇಲೆ ಬಿದ್ದದ್ದರೊಂದಿಗೆ ಹೋಲಿಸಿ ನೋಡಿ.

ವರದಿಯಲ್ಲಿ ಡೋಸ್ ಮೂರು ರೂಪದಲ್ಲಿರಲಿ: ದ್ರವಕ್ಕೆ ಹಾಕಿದ್ದು, ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದ್ದು, ಕೋಶಗಳನ್ನು ತಲುಪಿತೆಂದು ಅಳೆದದ್ದು ಅಥವಾ ಮಾದರಿ ಹೇಳಿದ್ದು. ಪುಡಿಯ ಬ್ಯಾಚ್ ಸಂಖ್ಯೆ, ಸೋನಿಕೇಶನ್‌ನ ಶಕ್ತಿ, ಪೋಷಕ ದ್ರವದ ಸೀರಂ ಪ್ರಮಾಣ, ಅಡ್ಡಿ ಪರಿಶೀಲನೆಯ ಫಲಿತಾಂಶ, ಪರಿಣಾಮ ಕಾಣದ ಡೋಸ್‌ಗಳು ಎಲ್ಲವನ್ನೂ ಬರೆಯಿರಿ. ಪರೀಕ್ಷಿಸಿದ ಪುಡಿಯ ಒಂದಿಷ್ಟನ್ನು ಗಾಳಿಯಾಡದ ಸೀಸೆಯಲ್ಲಿ, ಕತ್ತಲಲ್ಲಿ, ಒಣಗಿದ ಜಾಗದಲ್ಲಿ ತೆಗೆದಿಡಿ; ಫಲಿತಾಂಶವನ್ನು ಯಾರಾದರೂ ಪ್ರಶ್ನಿಸಿದಾಗ ಅದೇ ಬ್ಯಾಚಿನ ಮೇಲೆ ಪರೀಕ್ಷೆಯನ್ನು ಮತ್ತೆ ನಡೆಸಬೇಕಾಗುತ್ತದೆ.